ಚೀನಾದ ಬೀಜ, ನಮ್ಮ ತೇರಿನ ಹೂವು: ಆಸ್ಟರ್ ಬೆಳೆಯ ಚರಿತ್ರೆ

ದೇವರ ಸೇವೆಗೆ ಒದಗುವ ವಸ್ತುಗಳಲ್ಲಿ ಹೂವಿನಷ್ಟು ಅಲ್ಪಾಯುಷ್ಯದ್ದು ಮತ್ತೊಂದಿಲ್ಲ. ಗಂಟೆ, ಹರಿವಾಣ, ದೀಪದ ಕಂಬಗಳು ತಲೆಮಾರುಗಳ ಕಾಲ ಬಾಳುತ್ತವೆ. ದಾನ ಕೊಟ್ಟವರ ಹೆಸರು ಅವುಗಳ ಅಂಚಿನಲ್ಲಿ ಉಳಿದಿರುತ್ತದೆ. ಹೂವಾದರೋ ಬೆಳಿಗ್ಗೆ ಸ್ವಾಮಿಯ ಮೇಲೇರಿ ಮರುದಿನ ನಿರ್ಮಾಲ್ಯವಾಗುತ್ತದೆ. ಆದ್ದರಿಂದಲೇ ದೇವಸ್ಥಾನಗಳ ಚರಿತ್ರೆ ಬರೆಯುವವರು ಕಲ್ಲಿನ ವಿಷಯ, ತಾಮ್ರಪಟದ ವಿಷಯ ಬರೆಯುವಷ್ಟು ಹೂವಿನ ವಿಷಯ ಬರೆಯುವುದಿಲ್ಲ. ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ನಮ್ಮ ಹೊಸೂರು ಸೀಮೆಯ ತೇರುಗಳನ್ನು ವರ್ಷವರ್ಷವೂ ಅಲಂಕರಿಸುತ್ತಿರುವ ಆಸ್ಟರ್ ಹೂವಿನ ಚರಿತ್ರೆಯನ್ನು ನನಗೆ ತಿಳಿದಷ್ಟು ಮಟ್ಟಿಗೆ ಬರೆಯಬೇಕೆನಿಸಿತು. ಪೂಜಾ ಸಾಮಗ್ರಿ ಮತ್ತು ಬೀಜದ ಪೊಟ್ಟಣ ಮಾರುವ ಅಂಗಡಿಯವನಾದ್ದರಿಂದ ಈ ಹೂವಿನ ಒಡನಾಟ ನನಗೆ ದಿನನಿತ್ಯದ್ದು. ದೊಡ್ಡ ಓದು ಓದಿದವನಲ್ಲ. ತಿಳಿದವರು ಹೇಳಿದ್ದನ್ನು, ಪುಸ್ತಕಗಳಲ್ಲಿ ಸಿಕ್ಕಿದ್ದನ್ನು, ಬೆಳೆಗಾರರ ಬಾಯಿಂದ ಕೇಳಿದ್ದನ್ನು ಒಟ್ಟುಗೂಡಿಸಿ ಭಕ್ತಾದಿಗಳ ಮುಂದೆ ಇಡುತ್ತಿದ್ದೇನೆ.

ಹೂದೋಟದ ದತ್ತಿ

ಹಿಂದಿನ ಕಾಲದಲ್ಲಿ ದೇವಸ್ಥಾನಕ್ಕೆ ಹೂವನ್ನು ಪೇಟೆಯಿಂದ ಕೊಂಡು ತರುವ ಪದ್ಧತಿ ಇರಲಿಲ್ಲ. ದೇವಸ್ಥಾನಕ್ಕೆ ತನ್ನದೇ ಆದ ಹೂದೋಟ ಇರುತ್ತಿತ್ತು. ಚೋಳರ ಕಾಲದ ತಮಿಳು ಶಾಸನಗಳಲ್ಲಿ ತಿರುನಂದವನಕ್ಕೆಂದು ಭೂಮಿ ಬಿಟ್ಟುಕೊಟ್ಟ ವಿಷಯ ಬರುತ್ತದೆ. ಕನ್ನಡ ಶಾಸನಗಳಲ್ಲಿ ಹೂದೋಟಕ್ಕೆ, ನಂದಾದೀಪಕ್ಕೆ, ನೈವೇದ್ಯಕ್ಕೆ ಎಂದು ವಿಂಗಡಿಸಿ ದತ್ತಿ ಬಿಟ್ಟಿರುವುದನ್ನು ಕಾಣುತ್ತೇವೆ. ಚೋಳರು, ಹೊಯ್ಸಳರು, ವಿಜಯನಗರದ ಅರಸರು, ಮೈಸೂರಿನವರು ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ನಮ್ಮ ಸೀಮೆಯಲ್ಲಿ ಎರಡು ಭಾಷೆಯ ಪದ್ಧತಿಗಳೂ ಕೂಡಿ ಬೆಳೆದವು. ಹೂವಿನ ಕೆಲಸ ಮಾಡುವ ಕುಟುಂಬಗಳಿಗೆ ಇನಾಂ ಭೂಮಿ ಇತ್ತು. ದಿನಕ್ಕೆ ಇಷ್ಟು ಮಾಲೆ ಎಂಬ ಕರಾರು ಇತ್ತು. ಮಲ್ಲಿಗೆ, ಸಂಪಿಗೆ, ಕಣಗಿಲೆ, ತುಂಬೆ, ತುಳಸಿ, ಬಿಲ್ವ ಇವೇ ಆ ತೋಟಗಳ ಸಂಪತ್ತು. ಇವುಗಳಲ್ಲಿ ಹೆಚ್ಚಿನವು ಒಮ್ಮೆ ನೆಟ್ಟರೆ ಹಲವು ವರ್ಷ ನಿಲ್ಲುವ ಗಿಡ, ಬಳ್ಳಿ, ಮರಗಳು.

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಬಾರಾಮಹಲ್ ಕಂಪನಿಯವರ ಕೈಗೆ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಘಟ್ಟದ ಮೇಲಿನ ಹೊಸೂರು ಭಾಗವೂ ಅದಕ್ಕೆ ಸೇರಿ, ಮುಂದೆ ಸೇಲಂ ಜಿಲ್ಲೆಯ ಭಾಗವಾಯಿತು. ಹೀಗೆ ಬೆಂಗಳೂರಿಗೆ ಕೇವಲ 40 ಕಿಲೋಮೀಟರ್ ದೂರದಲ್ಲಿದ್ದರೂ ನಾವು ಮದ್ರಾಸ್ ಆಡಳಿತಕ್ಕೆ ಸೇರಿದವರಾದೆವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲೂ ಅದು ಹಾಗೆಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಎಂದು ವಿಳಾಸ ಬದಲಾದರೂ ಮಣ್ಣು, ಹವೆ, ನೆಂಟಸ್ತಿಕೆಗಳು ಬದಲಾಗಲಿಲ್ಲ. ಆಡಳಿತದ ಗೆರೆ ಹೇಗೇ ಇರಲಿ, ಲಾಲ್‌ಬಾಗಿನಲ್ಲಿ ಅರಳಿದ ಹೂವು ನಮ್ಮ ಹಳ್ಳಿಗಳಿಗೆ ಬರುವುದಕ್ಕೆ ಅಡ್ಡಿಯಾಗಲಿಲ್ಲ.

ಚೀನಾದಿಂದ ಪ್ಯಾರಿಸ್‌ಗೆ

ಆಸ್ಟರ್ ಮೂಲತಃ ಚೀನಾ ದೇಶದ ಉತ್ತರ ಭಾಗ ಮತ್ತು ಕೊರಿಯಾದ ಕಡೆಯ ಹೂವು. ಕಾಡಿನಲ್ಲಿ ಬೆಳೆಯುವ ಮೂಲ ಗಿಡದಲ್ಲಿ ಒಂದೇ ಸುತ್ತು ಎಸಳು, ನಡುವೆ ಹಳದಿ ಬೊಟ್ಟು. ನೋಡಲು ನಕ್ಷತ್ರದ ಹಾಗೆ. ಆಸ್ಟರ್ ಎಂಬ ಗ್ರೀಕ್ ಮಾತಿಗೆ ನಕ್ಷತ್ರ ಎಂದೇ ಅರ್ಥ. ಚೀನಾದಲ್ಲಿ ನೆಲೆಸಿದ್ದ ಫ್ರೆಂಚ್ ಪಾದ್ರಿಗಳು ಇದರ ಬೀಜವನ್ನು 1730ರ ಸುಮಾರಿಗೆ ಪ್ಯಾರಿಸ್ ನಗರದ ಅರಮನೆ ತೋಟಕ್ಕೆ ಕಳುಹಿಸಿದರು. ಕೆಲವು ಪುಸ್ತಕಗಳಲ್ಲಿ ದ್ಯಾಂಕಾರ್ವಿಲ್ ಎಂಬ ಪಾದ್ರಿಯೇ ಮೊದಲು ಕಳುಹಿಸಿದವರೆಂದು ಬರೆದಿದೆ. ಆದರೆ ಅವರು ಚೀನಾಕ್ಕೆ ಹೋದದ್ದು 1740ರಲ್ಲಿ. ಅದಕ್ಕೆ ಮುಂಚೆಯೇ, 1731ರಲ್ಲಿ, ಲಂಡನ್ನಿನ ಚೆಲ್ಸಿ ಔಷಧಿ ತೋಟದ ಫಿಲಿಪ್ ಮಿಲ್ಲರ್ ಎಂಬವರ ಕೈಗೆ ಈ ಬೀಜ ತಲುಪಿತ್ತು. ಆದ್ದರಿಂದ ಮೊದಲ ಬೀಜ ಕಳುಹಿಸಿದವರು ಅವರಿಗಿಂತ ಹಿಂದಿನ ಪಾದ್ರಿಗಳೇ ಇರಬೇಕು.

ಮಿಲ್ಲರ್ ಅವರಿಗೆ ಮೊದಲು ಬಂದದ್ದು ಕೆಂಪು ಮತ್ತು ಬಿಳಿಯ ಒಂಟಿಸುತ್ತಿನ ಹೂವು. 1736ರಲ್ಲಿ ನೀಲಿ ಬಂದಿತು. 1752 ಮತ್ತು 1753ರಲ್ಲಿ ಎಸಳು ತುಂಬಿದ ಜೋಡಿ ಹೂವುಗಳು ಬಂದವು. ಎರಡು ದಶಕಗಳಲ್ಲಿ ಒಂದು ಕಾಡುಹೂವು ತೋಟದ ಹೂವಾದ ಬಗೆ ಇದು. 1753ರಲ್ಲಿಯೇ ಸ್ವೀಡನ್ ದೇಶದ ಲಿನೇಯಸ್ ಇದಕ್ಕೆ ಚೀನಾದ ಆಸ್ಟರ್ ಎಂಬ ಶಾಸ್ತ್ರೀಯ ಹೆಸರು ಕೊಟ್ಟರು. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಕ್ಯಾಸಿನಿ ಎಂಬ ವಿದ್ವಾಂಸರು ಇದು ಬೇರೆಯೇ ಕುಲದ ಗಿಡವೆಂದು ತೋರಿಸಿ ಕ್ಯಾಲಿಸ್ಟೆಫಸ್ ಎಂದು ಹೆಸರಿಟ್ಟರು. ಚೆಂದದ ಕಿರೀಟ ಎಂದು ಅದರ ಅರ್ಥ. ಶಾಸ್ತ್ರಜ್ಞರು ಹೆಸರು ಬದಲಿಸಿದರೂ ಜನರ ಬಾಯಲ್ಲಿ ಆಸ್ಟರ್ ಎಂಬುದೇ ನಿಂತಿತು. ನಮ್ಮ ಸಂತೆಯಲ್ಲೂ ಅದೇ ಹೆಸರು.

ಫ್ರೆಂಚರು ಇದನ್ನು ರಾಣಿ ಹೂವೆಂದು ಕೊಂಡಾಡಿದರು. ಆದರೆ ಇದರ ಬೀಜವನ್ನು ಆರಿಸಿ ಆರಿಸಿ ಬಗೆಬಗೆಯ ತಳಿ ಮಾಡಿದವರಲ್ಲಿ ಜರ್ಮನರು ಮುಂದಾದರು. ಎಸಳು ಕೊಳವೆಯಂತೆ ಸುರುಳಿಯಾದದ್ದು ಒಂದು ಬಗೆ, ದುಂಡಗೆ ಒಳಮುಖವಾಗಿ ಮಡಿಸಿಕೊಂಡದ್ದು ಇನ್ನೊಂದು, ಆಸ್ಟ್ರಿಚ್ ಹಕ್ಕಿಯ ಗರಿಯಂತೆ ಕೆದರಿದ್ದು ಮತ್ತೊಂದು. ಜರ್ಮನಿಯ ಎರ್ಫರ್ಟ್ ಪಟ್ಟಣವು ಹೂವಿನ ಬೀಜದ ವ್ಯಾಪಾರಕ್ಕೆ ಹೆಸರಾಯಿತು. ಅಲ್ಲಿ 1843ರಲ್ಲಿ ಆರಂಭವಾದ ಬೆನಾರಿ ಎಂಬ ಬೀಜದ ಮನೆ ಇಂದಿಗೂ ಇದೆ. ಇಂಗ್ಲೆಂಡಿನಲ್ಲಿ 1806ರಲ್ಲಿ ಆರಂಭವಾದ ಸಟನ್ ಮನೆತನ, ಫ್ರಾನ್ಸಿನ ವಿಲ್ಮೊರಿನ್ ಮನೆತನ ಇವರೆಲ್ಲ ಬಣ್ಣದ ಚಿತ್ರಗಳ ಪಟ್ಟಿ ಅಚ್ಚುಹಾಕಿಸಿ ದೇಶದೇಶಗಳಿಗೆ ಬೀಜ ಮಾರಿದರು. ಕಡ್ಡಿ ಸಮೇತ ಕತ್ತರಿಸಿ ಹೂದಾನಿಯಲ್ಲಿ ಇಟ್ಟರೆ ಹಲವು ದಿನ ಬಾಡದೆ ಇರುವ ಗುಣವೇ ಈ ಹೂವನ್ನು ಲೋಕಪ್ರಿಯ ಮಾಡಿತು.

ಭಾರತಕ್ಕೆ ಬಂದ ದಾರಿ

ನಮ್ಮ ದೇಶದಲ್ಲಿ ಪರದೇಶದ ಹೂವು, ತರಕಾರಿಗಳ ಬೀಜ ಹಂಚಿಕೆಗೆ ಒಂದು ವ್ಯವಸ್ಥೆ ಬಂದದ್ದು 1820ರಲ್ಲಿ. ಆ ವರ್ಷ ವಿಲಿಯಂ ಕೇರಿ ಎಂಬ ಪಾದ್ರಿ ಕಲ್ಕತ್ತೆಯಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. ಇದೇ ಕೇರಿಯವರು ಅದಕ್ಕೆ ಮೂರು ವರ್ಷ ಮೊದಲು, 1817ರಲ್ಲಿ, ಸಿರಾಂಪುರದಲ್ಲಿ ಕನ್ನಡ ಭಾಷೆಯ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ್ದರು. ಬಂಗಾಳದಲ್ಲಿ ಕುಳಿತು ಕನ್ನಡಕ್ಕೆ ವ್ಯಾಕರಣ ಬರೆದವರೇ ಹೂವಿನ ಬೀಜ ಹಂಚುವ ಸಂಘವನ್ನೂ ಕಟ್ಟಿದರೆಂಬುದು ಕನ್ನಡಿಗರಾದ ನಾವು ನೆನೆಯಬೇಕಾದ ಸಂಗತಿ.

ನಮ್ಮ ಪಕ್ಕದ ಬೆಂಗಳೂರಿನಲ್ಲಿ ಹೈದರಾಲಿಯವರು 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ನೀಲಗಿರಿಯ ಉದಕಮಂಡಲದಲ್ಲಿ ಅದಕ್ಕೂ ಮೊದಲೇ, 1848ರಲ್ಲಿ, ಮೆಕೈವರ್ ಎಂಬವರ ಕೈಯಲ್ಲಿ ಉದ್ಯಾನ ಏಳತೊಡಗಿತ್ತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತರಬೇತಿ ಪಡೆದ ತೋಟಗಾರರು ಲಾಲ್‌ಬಾಗಿಗೆ ಬಂದರು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಗಾಜಿನ ಮನೆ ಎದ್ದಿತು. 1889ರ ನವೆಂಬರ್ 30ರಂದು ಅದಕ್ಕೆ ಅಡಿಗಲ್ಲು ಹಾಕಿದರು. ಅವರ ನಂತರ 1908ರಲ್ಲಿ ಬಂದವರು ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿದ ಕ್ರುಂಬಿಗಲ್. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಅವರ ನಂತರ ಜವರಾಯರು, ಮರಿಗೌಡರು ಲಾಲ್‌ಬಾಗನ್ನು ಬೆಳೆಸಿದರು. ಫಲಪುಷ್ಪ ಪ್ರದರ್ಶನಗಳಲ್ಲಿ ಕುಂಡಗಳಲ್ಲಿ ಸಾಲುಸಾಲಾಗಿ ಇಟ್ಟ ಋತುಹೂವುಗಳನ್ನು ನೋಡಿದ ಸುತ್ತಲಿನ ತೋಟಗಾರರಿಗೆ, ಬೀಜದಿಂದ ನಾಲ್ಕು ತಿಂಗಳಲ್ಲಿ ಹೂವು ಪಡೆದು ಕಾಸು ಕಾಣಬಹುದೆಂಬ ಅರಿವು ಮೂಡಿತು. ಪೂನಾದಲ್ಲಿ 1884ರಲ್ಲಿ ಆರಂಭವಾದ ಪೋಚಾ ಬೀಜದ ಅಂಗಡಿಯವರಂತಹ ದೇಶೀಯ ವ್ಯಾಪಾರಿಗಳು ಅಂಚೆಯ ಮೂಲಕ ಬೀಜ ಒದಗಿಸಿದರು.

ಹೀಗೆ ಬಂಗಲೆಗಳ ಮುಂದಿನ ಮಡಿಗಳಲ್ಲಿದ್ದ ಆಸ್ಟರ್ ಮೆಲ್ಲಮೆಲ್ಲನೆ ಹೊಲಕ್ಕೆ ಇಳಿಯಿತು. ಅಲ್ಲಿ ಸಾಹೇಬರು ಹೂದಾನಿಗೆ ಕತ್ತರಿಸಿದ್ದನ್ನು ನಮ್ಮ ರೈತರು ಎರಡು ಬಗೆಯಲ್ಲಿ ಉಪಯೋಗಿಸಿದರು. ಉದ್ದ ಕಡ್ಡಿಯವನ್ನು ಕಟ್ಟು ಕಟ್ಟಿ ಪಟ್ಟಣಕ್ಕೆ ಕಳುಹಿಸಿದರು. ಉಳಿದದ್ದನ್ನು ಬಿಡಿ ಹೂವಾಗಿ ಕಿತ್ತು ಮಾಲೆಗೆ ಕೊಟ್ಟರು. ಬಾಗಲೂರು, ಬೇರಿಗೆ, ಮತ್ತಿಗಿರಿ, ಕೆಲಮಂಗಲ, ತಳಿ ಕಡೆಗಳಲ್ಲಿ ಹೂವು ಬೆಳೆದ ರೈತರು ರಾತ್ರಿಯೇ ಗಂಟು ಕಟ್ಟಿ ಬೆಳಗಿನ ಜಾವಕ್ಕೆ ಬೆಂಗಳೂರಿನ ಮಾರುಕಟ್ಟೆ ಮುಟ್ಟಿಸುತ್ತಿದ್ದರು. ನಮ್ಮ ತಂದೆಯವರ ಕಾಲದಲ್ಲಿ ಊರಿನ ತೇರಿಗೆ ಚೆಂಡುಹೂವು, ಸೇವಂತಿಗೆಯ ಜೊತೆಗೆ ಆಸ್ಟರ್ ಸೇರಿದ್ದನ್ನು ಹಿರಿಯರು ನೆನೆಯುತ್ತಾರೆ. ನೇರಳೆ, ಬಿಳಿ, ಗುಲಾಬಿ ಬಣ್ಣಗಳು ಒಂದೇ ಮಾಲೆಯಲ್ಲಿ ಕಂಡದ್ದು ಆಗಿನ ಜನಕ್ಕೆ ಹೊಸದು.

ಬೀಜದಿಂದ ಹೂವಿನ ತನಕ

ಇದನ್ನು ಬೆಳೆಯುವ ಬಗೆಯನ್ನೂ ಇಲ್ಲಿ ಹೇಳುವುದು ಅಗತ್ಯ. ಏಕೆಂದರೆ ಈ ಹೂವಿನ ಚರಿತ್ರೆಯೆಲ್ಲ ಅದರ ಬೀಜದ ಗುಣದಲ್ಲಿಯೇ ಅಡಗಿದೆ.

ಆಸ್ಟರ್ ಬೀಜ ಬಹಳ ಸಣ್ಣದು. ಒಂದು ಗ್ರಾಂ ತೂಗಿದರೆ ನಾನೂರರಿಂದ ಐನೂರು ಬೀಜ ಬರುತ್ತವೆ. ಎತ್ತರದ ಮಡಿ ಮಾಡಿ, ಕೊಳೆತ ಗೊಬ್ಬರವನ್ನೂ ಮರಳನ್ನೂ ಬೆರೆಸಿ, ಬೆರಳಿನಿಂದ ಸಣ್ಣ ಗೀರು ಎಳೆದು ಬಿತ್ತಬೇಕು. ಮೇಲೆ ಜರಡಿ ಹಿಡಿದ ಗೊಬ್ಬರ ಉದುರಿಸಿ ಹುಲ್ಲು ಹೊದಿಸಬೇಕು. ಬಿಂದಿಗೆಯಿಂದ ನೀರು ಸುರಿದರೆ ಬೀಜ ತೇಲಿ ಒಂದು ಮೂಲೆಗೆ ಸೇರುತ್ತದೆ, ಹೂಜಲ್ಲಿಯಿಂದ ಚಿಮುಕಿಸಬೇಕು. ಎಂಟು ಹತ್ತು ದಿನಕ್ಕೆ ಮೊಳಕೆ ಕಾಣುತ್ತದೆ. ಕಂಡ ಕೂಡಲೇ ಹುಲ್ಲು ತೆಗೆಯಬೇಕು, ಇಲ್ಲದಿದ್ದರೆ ಸಸಿ ಬೆಳ್ಳಗಾಗಿ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಬುಡ ಕೊಳೆತು ರಾತ್ರಿ ಬೆಳಗಾಗುವುದರೊಳಗೆ ಮಡಿಯೇ ಮಲಗಿಬಿಡುತ್ತದೆ. ಒಂದು ತಿಂಗಳು ಕಳೆದು ನಾಲ್ಕೈದು ಎಲೆ ಬಂದ ಸಸಿಯನ್ನು ಸಂಜೆಯ ಹೊತ್ತು ಕಿತ್ತು, ಅಡಿಗೊಂದರಂತೆ ನೆಡಬೇಕು. ಬಿತ್ತಿದ ದಿನದಿಂದ ಮೂರೂವರೆ, ನಾಲ್ಕು ತಿಂಗಳಿಗೆ ಹೂವು.

ಆದ್ದರಿಂದ ತೇರಿನ ಹೂವಿಗೆ ಬಿತ್ತುವವರು ತೇರಿನ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಹೊಸೂರು ಬೆಟ್ಟದ ಚಂದ್ರಚೂಡೇಶ್ವರ ಸ್ವಾಮಿಯ ತೇರು ಮಾರ್ಚ್ ಸುಮಾರಿಗೆ ಬರುವುದರಿಂದ, ದೀಪಾವಳಿ ಕಳೆದ ಮೇಲೆ ಕಾರ್ತಿಕದಲ್ಲಿ ಬಿತ್ತನೆ. ವಾರ ವಾರ ಬಿಟ್ಟು ಮೂರು ಸಾರಿ ಬಿತ್ತಿದವರಿಗೆ ಹೂವು ಒಮ್ಮೆಗೇ ಬಂದು ಒಮ್ಮೆಗೇ ಮುಗಿಯುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಆಸ್ಟರ್ ಗಿಡದ ಕಡ್ಡಿ ಉದ್ದವಾಗುವುದು ಹಗಲು ಉದ್ದವಿದ್ದಾಗ. ಲಂಡನ್ನಿನಲ್ಲಿ ಬೇಸಿಗೆಯ ನಡುವೆ ಹಗಲು ಹದಿನಾರು ಗಂಟೆಗೂ ಮೀರುತ್ತದೆ. ನಮ್ಮಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಚಳಿಗಾಲದಲ್ಲಿ ಹನ್ನೊಂದೂವರೆಗೆ ಇಳಿಯುತ್ತದೆ. ಆದ್ದರಿಂದ ವಿದೇಶದ ಪಟ್ಟಿಯಲ್ಲಿ ಎರಡು ಅಡಿ ಕಡ್ಡಿ ಎಂದು ಬರೆದ ತಳಿಯೇ ನಮ್ಮ ಚಳಿಗಾಲದಲ್ಲಿ ಗಿಡ್ಡವಾಗಿ ನೆಲಕ್ಕೆ ಹತ್ತಿಕೊಂಡು ಹೂ ಬಿಡುತ್ತದೆ. ಇಂದು ನೆರಳುಮನೆ ಕಟ್ಟಿದವರು ರಾತ್ರಿ ದೀಪ ಉರಿಸಿ ಹಗಲನ್ನು ಉದ್ದ ಮಾಡುತ್ತಾರೆ. ಹಿಂದಿನವರಿಗೆ ಅಂತಹ ಅನುಕೂಲ ಇರಲಿಲ್ಲ. ಅವರು ಮಾಡಿದ್ದು ಬೇರೆಯೇ ಕೆಲಸ. ನೂರು ಗಿಡಗಳಲ್ಲಿ ನಮ್ಮ ಹಗಲಿಗೆ ಒಗ್ಗಿ ನೀಳವಾಗಿ ನಿಂತ ಐದಾರು ಗಿಡಗಳನ್ನು ಗುರುತಿಟ್ಟು, ದಾರ ಕಟ್ಟಿ, ಆ ಹೂವನ್ನು ಕೀಳದೆ ಬಿಟ್ಟು, ಎಸಳು ಒಣಗಿ ಬೂದುಬಣ್ಣದ ನವಿರು ಕಂಡಾಗ ಬೀಜ ತೆಗೆದು ಮರುವರ್ಷ ಅದನ್ನೇ ಬಿತ್ತಿದರು. ಆಸ್ಟರ್ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಜಾತಿಯಾದ್ದರಿಂದ ತಾಯಿಗಿಡದ ಗುಣ ಮಕ್ಕಳಿಗೆ ಹೆಚ್ಚು ಕೆಡದೆ ಬರುತ್ತದೆ. ಹೀಗೆ ಹತ್ತಿಪ್ಪತ್ತು ವರ್ಷ ಆರಿಸಿದ ಮೇಲೆ ಅದು ಚೀನಾದ್ದೂ ಅಲ್ಲ, ಜರ್ಮನಿಯದ್ದೂ ಅಲ್ಲ, ಆ ಮನೆಯ ಬೀಜ. ಮನೆಬೀಜ ಎಂದೇ ನಮ್ಮ ಕಡೆ ಕರೆಯುತ್ತಿದ್ದರು.

ರೋಗ ಬಂದ ಬಗೆ

ಇಷ್ಟು ಚೆಂದದ ಹೂವಿಗೆ ಎರಡು ಶತ್ರುಗಳು. ಒಂದು ಸೊರಗು ರೋಗ. ಮಣ್ಣಿನಲ್ಲಿರುವ ಬೂಷ್ಟು ಬೇರಿನಿಂದ ಏರಿ, ಮೊಗ್ಗು ಬಿಟ್ಟ ಗಿಡವನ್ನೇ ಒಂದು ಪಕ್ಕದಿಂದ ಒಣಗಿಸುತ್ತದೆ. ಅದು ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ಒಮ್ಮೆ ಆಸ್ಟರ್ ಬೆಳೆದ ತಾಕಿನಲ್ಲಿ ಮರುವರ್ಷ ರಾಗಿಯನ್ನೋ ಜೋಳವನ್ನೋ ಇಡುವುದು ರೂಢಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೋಗ ಹಿಡಿದ ಹೊಲದಲ್ಲಿಯೇ ಬದುಕಿ ಉಳಿದ ಗಿಡಗಳ ಬೀಜ ಆರಿಸಿ ಸೊರಗು ತಡೆಯುವ ತಳಿಗಳನ್ನು ಕಂಡುಹಿಡಿದರು.

ಇನ್ನೊಂದು ಹಳದಿ ರೋಗ. ಗಿಡ ಹಳದಿಯಾಗಿ ಹೂವಿನ ಎಸಳೇ ಹಸಿರಾಗಿ ಸುರುಟಿಕೊಳ್ಳುತ್ತದೆ. ಜಿಗಿಹುಳು ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆಂದು 1926ರಲ್ಲಿ ಅಮೆರಿಕದ ಕುಂಕೆಲ್ ಎಂಬವರು ತೋರಿಸಿದರು. ಬಹುಕಾಲ ಇದನ್ನು ವೈರಸ್ ಎಂದು ನಂಬಿದ್ದರು. 1967ರಲ್ಲಿ ಜಪಾನಿನ ವಿಜ್ಞಾನಿಗಳು, ಇಂತಹ ರೋಗಗಳಿಗೆ ಕಾರಣ ವೈರಸ್ ಅಲ್ಲ, ಕೋಶಗೋಡೆಯೇ ಇಲ್ಲದ ಒಂದು ಬಗೆಯ ಸೂಕ್ಷ್ಮಜೀವಿ ಎಂದು ಕಂಡುಹಿಡಿದರು. ಇದಕ್ಕೆ ಔಷಧಿಗಿಂತ ರೋಗದ ಗಿಡವನ್ನು ಕಂಡಕೂಡಲೇ ಕಿತ್ತು ಸುಡುವುದೇ ಮೇಲು.

ಹೊಸ ತಳಿಗಳ ಕಾಲ

1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಆರಂಭಿಸಿದರು. ಹೂವಿನ ಹೈಬ್ರಿಡ್ ಬೀಜವನ್ನು ಇಲ್ಲಿಯೇ ಕೈಯಿಂದ ಪರಾಗ ಮುಟ್ಟಿಸಿ ತಯಾರಿಸಿ ಹೊರದೇಶಗಳಿಗೆ ಕಳುಹಿಸಿದ ಸಂಸ್ಥೆ ಅದು. ಒಂದು ಕಾಲದಲ್ಲಿ ಬೀಜ ಕೊಳ್ಳುತ್ತಿದ್ದ ನಾಡು ಬೀಜ ಮಾರುವ ನಾಡಾಯಿತು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯ ವಿಜ್ಞಾನಿಗಳು ಆಸ್ಟರ್‌ನಲ್ಲಿ ಕಾಮಿನಿ, ಪೂರ್ಣಿಮಾ, ಶಶಾಂಕ, ವಯೊಲೆಟ್ ಕುಶನ್ ಎಂಬ ತಳಿಗಳನ್ನು ಕೊಟ್ಟರು. ಈಚೆಗೆ ಅರ್ಕಾ ಹೆಸರಿನ ತಳಿಗಳೂ ಬಂದಿವೆ. ಮಹಾರಾಷ್ಟ್ರದ ಫುಲೆ ಕೃಷಿ ವಿಶ್ವವಿದ್ಯಾಲಯದವರು ಫುಲೆ ಗಣೇಶ ಎಂಬ ಹೆಸರಿನಲ್ಲಿ ಬಿಳಿ, ಗುಲಾಬಿ, ನೇರಳೆ ತಳಿಗಳನ್ನು ಕೊಟ್ಟರು. ಇವುಗಳ ಬೀಜವನ್ನು ರೈತರೇ ಉಳಿಸಿಕೊಂಡು ಮತ್ತೆ ಬಿತ್ತಬಹುದು. ಇದು ನಮ್ಮ ಸರ್ಕಾರಿ ಸಂಸ್ಥೆಗಳು ಮಾಡಿದ ದೊಡ್ಡ ಉಪಕಾರ. ಹೈಬ್ರಿಡ್ ಪೊಟ್ಟಣದ ಮಾತು ಹಾಗಲ್ಲ. ಅದರ ಹೂವಿನಿಂದ ತೆಗೆದ ಬೀಜ ಬಿತ್ತಿದರೆ ಒಂದೊಂದು ಗಿಡ ಒಂದೊಂದು ಬಗೆ. ಪ್ರತಿ ವರ್ಷ ಹೊಸ ಪೊಟ್ಟಣ ಕೊಳ್ಳಬೇಕು.

ಇದೇ ವೇಳೆಗೆ ನಮ್ಮ ಊರಿನ ರೂಪವೂ ಬದಲಾಯಿತು. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಎದ್ದಿತು. ಕೆಲಸ ಸಿಕ್ಕಿತು, ಮನೆಗಳು ಎದ್ದವು, ಹೂವಿನ ತಾಕುಗಳು ಸೈಟುಗಳಾದವು. ಉಳಿದ ಕಡೆ ನೆರಳುಮನೆಗಳಲ್ಲಿ ಗುಲಾಬಿ ಬೆಳೆದು ವಿಮಾನದಲ್ಲಿ ಹೊರದೇಶಕ್ಕೆ ಕಳುಹಿಸುವ ಉದ್ಯಮ ಬಂತು. ಇದರಿಂದ ಹೊಸೂರಿನ ಹೆಸರು ದೂರದ ತನಕ ಹೋಯಿತೆಂಬುದು ಸಂತೋಷ. 1963ರ ಇನಾಂ ರದ್ದತಿ ಕಾಯ್ದೆಯ ನಂತರ ಹೂವಿನ ಸೇವೆಗೆ ಭೂಮಿ ಎಂಬ ಹಳೆಯ ವ್ಯವಸ್ಥೆಯೂ ಸಡಿಲವಾಯಿತು. ದೇವಸ್ಥಾನಗಳು ಹೂವನ್ನು ಕೊಳ್ಳತೊಡಗಿದವು. ಈಗ ಕೆಲವು ಕಡೆ ತೇರಿಗೆ ಪ್ಲಾಸ್ಟಿಕ್ ಹೂವನ್ನೂ ಕಟ್ಟುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ.

ಪರದೇಶದ ಹೂವು ದೇವರಿಗೆ ಸಲ್ಲುವುದೇ?

ಈ ಪ್ರಶ್ನೆಯನ್ನು ಭಕ್ತರು ಆಗಾಗ್ಗೆ ಕೇಳುತ್ತಾರೆ. ಆಸ್ಟರ್‌ಗೆ ಸುವಾಸನೆ ಇಲ್ಲ. ಗಂಧವಿಲ್ಲದ ಹೂವು ಅರ್ಚನೆಗೆ ಸಲ್ಲದು ಎಂಬ ಹಿರಿಯರ ಮಾತನ್ನು ಗೌರವಿಸಿ, ನಮ್ಮಲ್ಲಿ ಗರ್ಭಗುಡಿಯ ಅರ್ಚನೆಗೆ ಇದನ್ನು ಬಳಸುವುದಿಲ್ಲ. ಉತ್ಸವಮೂರ್ತಿಯ ಮಂಟಪ, ತೇರು, ಬಾಗಿಲ ತೋರಣ, ಪಲ್ಲಕ್ಕಿಗಳ ಅಲಂಕಾರಕ್ಕೆ ಬಳಸುತ್ತೇವೆ. ಇದು ಯಾರಿಗೂ ನೋವಾಗದ ಮಧ್ಯಮ ಮಾರ್ಗ.

ಆದರೆ ಪರದೇಶದ್ದು ಎಂಬ ಒಂದೇ ಕಾರಣಕ್ಕೆ ಬೇಡವೆನ್ನುವುದಾದರೆ ಬಹಳ ವಸ್ತುಗಳನ್ನು ಬಿಡಬೇಕಾಗುತ್ತದೆ. ಆಯುಧಪೂಜೆಯಂದು ಮನೆಮನೆಗೂ ಕಟ್ಟುವ ಚೆಂಡುಹೂವು ಮೆಕ್ಸಿಕೋ ದೇಶದ್ದು. ಪುಳಿಯೋಗರೆ ಪ್ರಸಾದಕ್ಕೆ ಹಾಕುವ ಒಣಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಇವು ಬಂದು ನೂರಾರು ವರ್ಷವಾಗಿ ನಮ್ಮವೇ ಆಗಿಹೋಗಿವೆ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಮಿಯು ಭಕ್ತಿಯಿಂದ ಕೊಟ್ಟ ಹೂವನ್ನು ಒಪ್ಪುವೆನೆಂದಿದ್ದಾನೆಯೇ ಹೊರತು ಹೂವಿನ ಊರು ಯಾವುದೆಂದು ಕೇಳಿಲ್ಲ. ಎಲ್ಲಿಂದ ಬಂತು ಎನ್ನುವುದಕ್ಕಿಂತ, ಯಾರು ಎಷ್ಟು ಶ್ರದ್ಧೆಯಿಂದ ಬೆಳೆದರು ಎನ್ನುವುದೇ ಮುಖ್ಯವೆಂದು ನನ್ನ ತಿಳುವಳಿಕೆ.

ಕಾಯಲಾರದ ಬೀಜ

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚಿದರೆ ವರ್ಷಗಳು ಕಳೆದರೂ ಕೆಡುತ್ತಿರಲಿಲ್ಲ. ಬರಗಾಲ ಬಂದಾಗ ತೆಗೆದು ಉಂಡರು. ಆಸ್ಟರ್ ಬೀಜ ಹಾಗಲ್ಲ. ಸಾಧಾರಣವಾಗಿ ಇಟ್ಟರೆ ಒಂದು ವರ್ಷ ಕಳೆಯುವಷ್ಟರಲ್ಲಿ ಅದರ ಮೊಳೆಯುವ ಶಕ್ತಿ ಬಹುಪಾಲು ಹೋಗುತ್ತದೆ. ಎರಡು ವರ್ಷ ಬಿತ್ತದೆ ಬಿಟ್ಟರೆ ಆ ಮನೆಯ ಬೀಜದ ಕಥೆ ಮುಗಿಯಿತು. ಯಾರೂ ಅದನ್ನು ಕಡಿದು ಹಾಕಬೇಕಾಗಿಲ್ಲ. ಈ ವರ್ಷ ಬೇಡ, ಬರುವ ವರ್ಷ ನೋಡೋಣ ಎಂದರೆ ಸಾಕು.

ನಾನು ಅಂಗಡಿಯಲ್ಲಿ ಕೂರತೊಡಗಿದ ಕಾಲದಲ್ಲಿ ಮನೆಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ತಂದು, ಬದಲಿಗೆ ಕರ್ಪೂರ, ಊದುಬತ್ತಿ ಒಯ್ಯುವ ಹೆಂಗಸರು ಹಲವರಿದ್ದರು. ಅವರಲ್ಲಿ ಹೂವು ಮಾರುವ ಒಬ್ಬ ಅಜ್ಜಿ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದರು: "ಶೆಟ್ರೇ, ಇದನ್ನ ಡಬ್ಬಿಗೆ ಹಾಕಿ ಮೇಲಿಡಬ್ಯಾಡಿ. ಯಾರಿಗಾದ್ರೂ ಕೊಟ್ಬಿಡಿ. ಮಣ್ಣಿಗೆ ಬಿದ್ರೆ ಉಳೀತದೆ, ಡಬ್ಬೀಲಿದ್ರೆ ಸಾಯ್ತದೆ." ಆ ಅಜ್ಜಿಯ ಬೀಜದಿಂದ ಬರುತ್ತಿದ್ದದ್ದು ತಿಳಿನೇರಳೆ ಬಣ್ಣದ, ಎಸಳು ಸಡಿಲವಾದ, ನಡುವೆ ಹಳದಿ ಬೊಟ್ಟು ಕಾಣುವ ಹೂವು. ಮಾರುಕಟ್ಟೆಯ ಗಟ್ಟಿ ಹೂವಿನ ಮುಂದೆ ಅದು ನಾಜೂಕಿನದು. ಮೂಟೆ ಕಟ್ಟಿದರೆ ನಲುಗುತ್ತಿತ್ತು. ಹಾಗಾಗಿ ದೂರದ ಮಾರುಕಟ್ಟೆಗೆ ಹೋಗಲಿಲ್ಲ. ಊರಿನ ತೇರಿಗೆ ಮಾತ್ರ ಬರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಮನೆಯವರು ಆ ತಾಕನ್ನು ಮಾರಿದರು. ಅದೃಷ್ಟಕ್ಕೆ ಅವರಿಂದ ಬೀಜ ಪಡೆದಿದ್ದ ಪಕ್ಕದ ಹಳ್ಳಿಯ ಎರಡು ಮನೆಗಳಲ್ಲಿ ಅದು ಇಂದಿಗೂ ಇದೆ. ಎರಡೇ ಮನೆಗಳು.

ಗಡಿಯಲ್ಲಿ ಬಾಳುವ ನಮಗೆ ಈ ಮಾತು ಹೂವಿಗೆ ಮಾತ್ರ ಅನ್ವಯಿಸುವುದಲ್ಲ. ನಮ್ಮ ಮನೆಗಳಲ್ಲಿ ಕನ್ನಡ ಮಾತಾಡುತ್ತೇವೆ. ಅಂಗಡಿಯಲ್ಲಿ ತಮಿಳು, ತೆಲುಗು ಆಡುತ್ತೇವೆ. ತಮಿಳು ಕಲಿಯುವುದು ಬೇಕು, ಅದು ನಾವು ಬಾಳುತ್ತಿರುವ ನಾಡಿನ ಭಾಷೆ, ಅನ್ನ ಕೊಡುವ ಭಾಷೆ. ಆದರೆ ಮಡಿ, ಪಾತಿ, ಸಸಿ, ಮೊಳ, ಮಾರು, ಕುಚ್ಚು ಎಂಬ ಮಾತುಗಳನ್ನು ಬಲ್ಲ ಮಕ್ಕಳು, ಈ ಸಂಚಿಕೆಯನ್ನು ಓದಬಲ್ಲ ಮಕ್ಕಳು ಎಷ್ಟು ಜನರಿದ್ದಾರೆಂದು ನಮ್ಮ ನಮ್ಮ ಮನೆಗಳಲ್ಲೇ ಎಣಿಸಿ ನೋಡಬಹುದು. ಭಾಷೆಯೂ ಹಗೇವಿನ ರಾಗಿಯಲ್ಲ, ಆಸ್ಟರ್ ಬೀಜದ ಜಾತಿಯದು. ಒಂದು ತಲೆಮಾರು ಬಿತ್ತದೆ ಬಿಟ್ಟರೆ ಮುಂದಿನವರಿಗೆ ಬಿತ್ತಲು ಏನೂ ಇರುವುದಿಲ್ಲ.

ಭಕ್ತಾದಿಗಳಲ್ಲಿ ಅರಿಕೆ

ಈ ಕಾರಣದಿಂದ ಧರ್ಮದರ್ಶಿಗಳೆಲ್ಲರೂ ಕೂತು ಮಾತಾಡಿ, ದೇವಸ್ಥಾನದ ಹಿಂಬದಿಯ ಬಾವಿಯ ಪಕ್ಕದಲ್ಲಿ ಬರಿದಾಗಿ ಬಿದ್ದಿರುವ ಜಾಗದಲ್ಲಿ ಹೂವಿನ ಮಡಿಗಳನ್ನು ಮಾಡಿಸಲು ತೀರ್ಮಾನಿಸಿದ್ದೇವೆ. ಅಲ್ಲಿ ಒಂದು ಪಾಲಿನಲ್ಲಿ ಆ ಹಳೆಯ ತಿಳಿನೇರಳೆ ಹೂವು, ಉಳಿದ ಪಾಲಿನಲ್ಲಿ ಹೆಸರಘಟ್ಟದ ತಳಿಗಳು ಇರುತ್ತವೆ. ಸೊರಗು ರೋಗ ಬಾರದಂತೆ ಮಡಿಗಳನ್ನು ವರ್ಷವರ್ಷ ಬದಲಿಸಲಾಗುವುದು. ಭಕ್ತಾದಿಗಳು ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಯಾರ ಮನೆಯಲ್ಲಾದರೂ ಹಳೆಯ ಆಸ್ಟರ್, ಚೆಂಡುಹೂವು, ಕೋಳಿಜುಟ್ಟು ಹೂವಿನ ಮನೆಬೀಜ ಉಳಿದಿದ್ದರೆ ಒಂದು ಚಿಟಿಕೆಯಷ್ಟನ್ನು ದೇವಸ್ಥಾನಕ್ಕೆ ತಲುಪಿಸಬೇಕು. ರಜೆಯಲ್ಲಿ ಮಕ್ಕಳನ್ನು ಕಳುಹಿಸಬೇಕು. ಬಿತ್ತುವುದನ್ನೂ ಮಾಲೆ ಕಟ್ಟುವುದನ್ನೂ ಹಿರಿಯ ಹೆಂಗಸರು ಕನ್ನಡದಲ್ಲಿಯೇ ಹೇಳಿಕೊಡುತ್ತಾರೆ. ತೇರು ಮುಗಿದ ಮೇಲೆ ತೆಗೆದ ಬೀಜವನ್ನು ಪ್ರಸಾದದ ಜೊತೆಗೆ ಪೊಟ್ಟಣ ಕಟ್ಟಿ ಕೊಡಲಾಗುವುದು. ಅದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟು ಪೂಜಿಸಬೇಡಿ, ದಯಮಾಡಿ ಬಿತ್ತಿರಿ.

ಸುಮಾರು ಮುನ್ನೂರು ವರ್ಷಗಳ ಹಿಂದೆ ಯಾರೋ ಪಾದ್ರಿಗಳು ಚೀನಾದಿಂದ ಕಳುಹಿಸಿದ ಬೀಜ, ಪ್ಯಾರಿಸ್, ಲಂಡನ್, ಎರ್ಫರ್ಟ್ ಸುತ್ತಿ, ಭಾರತದ ತೋಟಗಳನ್ನು ಹಾದು ನಮ್ಮ ತೇರಿನ ತನಕ ಬಂದಿದೆ. ಈ ದೀರ್ಘ ದಾರಿಯಲ್ಲಿ ಪ್ರತಿ ವರ್ಷವೂ ಯಾರೋ ಒಬ್ಬರು ಮರೆಯದೆ ಬಿತ್ತಿದ್ದಾರೆ. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ಬರೆದಿಲ್ಲ. ಆ ಸಾಲಿನಲ್ಲಿ ನಮ್ಮ ಊರಿನವರ ಕೈಯೂ ಸೇರಿರಲಿ, ಆ ಕೈ ಸೋಲದಂತೆ ಸ್ವಾಮಿಯು ಸಕಲರಿಗೂ ಆಯುರಾರೋಗ್ಯವನ್ನೂ ಮಳೆ ಬೆಳೆಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸಿ ಈ ಕಿರು ಲೇಖನವನ್ನು ಮುಗಿಸುತ್ತೇನೆ.